ಹೇಳಿದ್ದೆಷ್ಟು, ನಾನು ಸೇರಿಸಿದ್ದೆಷ್ಟು: ಕ್ಲ್ಯಾಟ್ ಬರೆಯುವ ಮಗಳಿಗೆ ದೊಡ್ಡಪ್ಪನ ಕಿವಿಮಾತು

ನನ್ನ ತಮ್ಮನ ಮಗಳು ಅರಸೀಕೆರೆಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಳೆ. ಲಾ ಓದಬೇಕು, ಅದೂ ನ್ಯಾಷನಲ್ ಲಾ ಸ್ಕೂಲಿನಲ್ಲೇ ಓದಬೇಕು ಎಂಬ ಹಟ ಅವಳಿಗೆ. ಉಳಿದ ವಿಷಯ ಹೇಗೋ ನಡೆಯುತ್ತಿದೆ, ಲಾಜಿಕಲ್ ರೀಸನಿಂಗ್ ಮಾತ್ರ ಕೈಗೆ ಹತ್ತುತ್ತಿಲ್ಲ. "ಕೊನೆಗೆ ಎರಡು ಆಪ್ಷನ್ ಉಳಿಯುತ್ತೆ ದೊಡ್ಡಪ್ಪ, ಎರಡೂ ಸರಿ ಅನ್ಸುತ್ತೆ" ಎಂದಳು. ಹಾಸನ ಜಿಲ್ಲೆಯ ಕೋರ್ಟುಗಳಲ್ಲಿ ವಕಾಲತ್ತು ಮಾಡಿದವನು ನಾನು. ಲಾ ಸ್ಕೂಲುಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟಿನ ಹಳೆಯ ಪತ್ರಿಕೆಗಳನ್ನು ಅವಳ ಜೊತೆ ಕೂತು ಬಿಡಿಸುತ್ತಾ ಬರೆದುಕೊಟ್ಟ ಮಾತುಗಳಿವು. ಬೇಲೂರು, ಹಳೇಬೀಡು, ಜಾವಗಲ್, ಬಾಣಾವರದ ಕಡೆಯಿಂದ ಕೋಚಿಂಗಿಗೆ ಬೆಂಗಳೂರಿಗೆ ಹೋಗಲಾಗದ ಮಕ್ಕಳೂ ಓದಿಕೊಳ್ಳಲಿ ಎಂದು ಇಲ್ಲಿ ಕೊಟ್ಟಿದ್ದೇನೆ.

• ಮೊದಲು ಪರೀಕ್ಷೆ ಹೇಗಿದೆ ಎಂದು ಸರಿಯಾಗಿ ತಿಳಿದುಕೋ. ಕ್ಲ್ಯಾಟ್ ಶುರುವಾದದ್ದು 2008ರಲ್ಲಿ. ಆಗ ಹೆಚ್ಚಿನವು ಬಿಡಿ ಪ್ರಶ್ನೆಗಳಾಗಿದ್ದವು. 2020ರಿಂದ ಸ್ವರೂಪ ಬದಲಾಗಿ ಎಲ್ಲವೂ ಪ್ಯಾಸೇಜಿನ ಮೇಲೆ ಬಂತು. ಈಗ 120 ನಿಮಿಷ, 120 ಪ್ರಶ್ನೆ. ಅದರಲ್ಲಿ ಲಾಜಿಕಲ್ ರೀಸನಿಂಗ್ 22ರಿಂದ 26, ಅಂದರೆ ಹೆಚ್ಚುಕಡಿಮೆ ಐದನೇ ಒಂದು ಪಾಲು. ಒಂದೊಂದು ಪ್ಯಾಸೇಜು ಸುಮಾರು 450 ಪದದವರೆಗೂ ಇರುತ್ತದೆ. ದೆಹಲಿಯ ನ್ಯಾಷನಲ್ ಲಾ ಯೂನಿವರ್ಸಿಟಿ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ಅದರ 150 ಪ್ರಶ್ನೆಗಳಲ್ಲಿ 70 ಲಾಜಿಕಲ್ ರೀಸನಿಂಗೇ. ಎರಡನ್ನೂ ಬರೆಯುವವಳಾದರೆ ಈ ಒಂದು ಭಾಗಕ್ಕೆ ಹಾಕಿದ ಶ್ರಮ ಎರಡು ಕಡೆ ಫಲ ಕೊಡುತ್ತದೆ.

• ಹಳೆಯ ಗೈಡುಗಳನ್ನು ದೂರ ಇಡು. ರಕ್ತಸಂಬಂಧ, ದಿಕ್ಕು, ಗಡಿಯಾರ, ಕೋಡಿಂಗ್ ಎಂದು ನೂರಾರು ಪುಟ ತುಂಬಿದ ಪುಸ್ತಕಗಳು ಅರಸೀಕೆರೆಯ ಅಂಗಡಿಗಳಲ್ಲೂ ಸಿಗುತ್ತವೆ. ಅವು ಬೇರೆ ಬೇರೆ ಪರೀಕ್ಷೆಗಳಿಗೆ ಬೇಕಾದವು. ನಿನಗೆ ಮುಖ್ಯವಾಗಿ ಬೇಕಾದದ್ದು ವಾದವನ್ನು ಬಿಡಿಸುವ ಅಭ್ಯಾಸ. ಕ್ಲ್ಯಾಟ್ ನಡೆಸುವ ಒಕ್ಕೂಟದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಸಿಗುತ್ತದೆ. 2020ರಿಂದ ಈಚೆಗಿನವನ್ನು ಪ್ರಿಂಟ್ ತೆಗೆಸಿಕೊಂಡು ಒಂದೊಂದನ್ನೂ ಮೂರು ಸಲ ಅರೆದು ಕುಡಿ.

• "ನಾನು ಹಳ್ಳಿ ಕಡೆಯವಳು, ಇಂಗ್ಲಿಷ್ ಬರಲ್ಲ, ಲಾಜಿಕ್ ನನಗೆ ಬರಲ್ಲ" ಎನ್ನುತ್ತೀಯಲ್ಲ, ಇದರಲ್ಲಿ ಎರಡು ಬೇರೆ ಬೇರೆ ಮಾತು ಸೇರಿಕೊಂಡಿವೆ ನೋಡು. ಪರೀಕ್ಷೆ ಇಂಗ್ಲಿಷಿನಲ್ಲಿ ಇರುವುದು ನಿಜ, ಓದುವ ವೇಗ ಬೆಳೆಸಿಕೊಳ್ಳಬೇಕಾದದ್ದೂ ನಿಜ. ತರ್ಕ ಬರುವುದಿಲ್ಲ ಎಂಬುದು ಮಾತ್ರ ಸುಳ್ಳು. ಇದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ದೊಡ್ಡ ಶಾಸನವಿದೆ. ವಾದದಲ್ಲಿ ಗೆದ್ದ ಜೈನ ಆಚಾರ್ಯರನ್ನು ಒಬ್ಬೊಬ್ಬರಾಗಿ ಹೊಗಳುವ ಶಾಸನ ಅದು. ತರ್ಕವನ್ನು ಅಷ್ಟು ದೊಡ್ಡ ವಿದ್ಯೆ ಎಂದು ಕಂಡ ಸೀಮೆಯವಳು ನೀನು. ಪ್ಯಾಸೇಜಿನ ವಾದವನ್ನು ಮೊದಲು ನಿನ್ನ ಕನ್ನಡದಲ್ಲಿ ಮೂರು ಸಾಲು ಬರಿ. ಅದು ಸರಿಯಾಗಿ ಬಂದರೆ ಉತ್ತರ ತಾನಾಗಿ ಬರುತ್ತದೆ. ನಾಲ್ಕೈದು ವಾರ ಕಳೆದ ಮೇಲೆ ಬರೆಯುವ ಅಗತ್ಯ ಬೀಳುವುದಿಲ್ಲ, ಮನಸ್ಸಿನಲ್ಲೇ ಆಗುತ್ತದೆ.

• ಇಡೀ ಕಿವಿಮಾತಿನಲ್ಲಿ ಒಂದೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ: ಪ್ಯಾಸೇಜು ಹೇಳಿದ್ದೆಷ್ಟು, ಅದಕ್ಕೆ ನಾನು ಸೇರಿಸಿದ್ದೆಷ್ಟು? ಸಾಕ್ಷಿಕಟ್ಟೆಯಲ್ಲಿ ನಿಂತವನು "ರಾಮಣ್ಣ ಓಡಿ ಹೋಗುವುದನ್ನು ನೋಡಿದೆ" ಎಂದರೆ ಅಷ್ಟೇ ಸಾಕ್ಷ್ಯ. "ರಾಮಣ್ಣ ಕದ್ದು ಓಡಿದ" ಎಂಬುದು ಕೇಳಿದವರು ಸೇರಿಸಿದ್ದು. ತಪ್ಪು ಉತ್ತರ ಕಟ್ಟುವವರು ನೀನು ಏನು ಸೇರಿಸಿಕೊಳ್ಳುತ್ತೀಯ ಎಂದು ಊಹಿಸಿ, ಅದನ್ನೇ ಆಪ್ಷನ್ನಾಗಿ ಬರೆದಿಟ್ಟಿರುತ್ತಾರೆ. ನಿನಗೆ ಚೆನ್ನಾಗಿ ಗೊತ್ತಿರುವ ವಿಷಯದ ಪ್ಯಾಸೇಜು ಬಂದ ದಿನ ಇನ್ನೂ ಎರಡು ಪಟ್ಟು ಎಚ್ಚರ ಬೇಕು. ಹೊರಗಿನ ಜ್ಞಾನ ಕಾಲಿಡುವುದು ಅಲ್ಲೇ.

• ಪ್ರಶ್ನೆಯನ್ನು ಮೊದಲು ಓದು, ಪ್ಯಾಸೇಜನ್ನು ಆಮೇಲೆ. ಆಪ್ಷನ್ ಓದಬೇಡ, ಪ್ರಶ್ನೆಯ ಸಾಲಷ್ಟೇ ಓದು. ಲೇಖಕನ ಮುಖ್ಯ ತೀರ್ಮಾನ ಕೇಳಿದ್ದಾರೋ, ಒಳಗೆ ಅಡಗಿರುವ ನಂಬಿಕೆ ಕೇಳಿದ್ದಾರೋ, ವಾದಕ್ಕೆ ಬಲ ಕೊಡುವುದನ್ನು ಕೇಳಿದ್ದಾರೋ, ಪೆಟ್ಟು ಕೊಡುವುದನ್ನು ಕೇಳಿದ್ದಾರೋ ಗೊತ್ತಾದರೆ ಕಣ್ಣು ಏನು ಹುಡುಕಬೇಕೆಂದು ತಿಳಿದುಕೊಂಡೇ ಓದುತ್ತದೆ. 'ಎಕ್ಸೆಪ್ಟ್', 'ನಾಟ್' ಎಂಬ ಪದ ಕಂಡರೆ ಪೆನ್ನಿನಲ್ಲಿ ಸುತ್ತು ಹಾಕು. ಎಲ್ಲ ತಿಳಿದೂ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

• ಪೂರ್ವಪಕ್ಷ ಯಾವುದು, ಸಿದ್ಧಾಂತ ಯಾವುದು ಎಂದು ಬೇರೆ ಮಾಡು. ನಮ್ಮ ಶಾಸ್ತ್ರಕಾರರು ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಹೇಳಿ, ಆಮೇಲೆ ಅದನ್ನು ಖಂಡಿಸಿ, ಕೊನೆಗೆ ತಮ್ಮ ಮಾತು ಇಡುತ್ತಿದ್ದರು. ಇವತ್ತಿನ ಸಂಪಾದಕೀಯ ಬರೆಯುವವರೂ ಹಾಗೇ ಬರೆಯುತ್ತಾರೆ. "ಹಲವರ ಅಭಿಪ್ರಾಯದಲ್ಲಿ..." ಎಂದು ಶುರುವಾಗಿ, ಎರಡನೇ ಪ್ಯಾರಾದಲ್ಲಿ "ಆದರೆ" ಎಂದು ತಿರುಗುತ್ತದೆ. ಆ 'ಆದರೆ'ಯ ಹಿಂದಿನದು ಲೇಖಕನದಲ್ಲ. ಮುಖ್ಯ ತೀರ್ಮಾನ ಕೇಳಿದಾಗ ನಾಲ್ಕರಲ್ಲಿ ಒಂದು ಆಪ್ಷನ್ ಪೂರ್ವಪಕ್ಷವನ್ನೇ ಅಂದವಾಗಿ ಹೇಳುತ್ತಿರುತ್ತದೆ. ಪ್ಯಾಸೇಜಿನಲ್ಲಿ ಇರುವ ಮಾತೇ ಆದ್ದರಿಂದ ಸರಿ ಎನಿಸುತ್ತದೆ, ಆದರೆ ಅದು ಬೇರೆಯವರ ಮಾತು. 'ಬಟ್', 'ಹೌಎವರ್', 'ಯೆಟ್' ಬಂದಲ್ಲೆಲ್ಲ ಅಂಚಿನಲ್ಲಿ ಒಂದು ಗೀಟು ಎಳೆ.

ತೀರ್ಮಾನ ಯಾವಾಗಲೂ ಕೊನೆಯ ಸಾಲಿನಲ್ಲೇ ಇರಬೇಕೆಂದಿಲ್ಲ ಕಣಮ್ಮ. ಮೊದಲ ಸಾಲಿನಲ್ಲೇ ಹೇಳಿ, ಉಳಿದದ್ದೆಲ್ಲ ಕಾರಣ ಕೊಡುವವರೂ ಇದ್ದಾರೆ. ಅನುಮಾನ ಬಂದರೆ ಎರಡು ಸಾಲುಗಳ ನಡುವೆ 'ಏಕೆಂದರೆ' ಹಾಕಿ ನೋಡು. ಯಾವುದರ ನಂತರ 'ಏಕೆಂದರೆ' ಒಪ್ಪುತ್ತದೋ ಅದು ತೀರ್ಮಾನ, 'ಏಕೆಂದರೆ'ಯ ನಂತರ ಬರುವುದು ಕಾರಣ.

• "ಹೀಗಿದ್ದರೆ ಹಾಗೆ" ಎಂಬ ಮಾತನ್ನು ತಿರುಗಿಸಬೇಡ. ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ನಿನಗೂ ಗೊತ್ತು: ಬೆಟ್ಟದ ಮೇಲೆ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಎಂದರೆ? ಅದು ಆಗುವುದಿಲ್ಲ ಎಂದು ಅವರೇ ತೋರಿಸಿದ್ದಾರೆ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು.

ಇದನ್ನು ನಮ್ಮ ಅಟ್ಟಕ್ಕೆ ತಂದು ನೋಡು. ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಹಾಗೇ ಬಿಡುತ್ತೇವೆ. ನೀರು ಇಂಗಿ, ಒಳಗಿನ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಈಗ ನಿಯಮ ಇದು: "ಕಾಯಿ ಕೊಬ್ಬರಿ ಆಗಿದ್ದರೆ ಒಳಗೆ ನೀರಿರುವುದಿಲ್ಲ." ಇದರಿಂದ ಮೂರು ಮಾತು ಹುಟ್ಟಿಸಬಹುದು. ಒಂದು, "ನೀರಿಲ್ಲ, ಆದ್ದರಿಂದ ಕೊಬ್ಬರಿ ಆಗಿದೆ." ತಪ್ಪು. ಬಿರುಕು ಬಿಟ್ಟು ನೀರು ಸೋರಿಹೋದ ಕಾಯಿಯಲ್ಲೂ ನೀರಿಲ್ಲ. ಎರಡು, "ಇನ್ನೂ ಕೊಬ್ಬರಿ ಆಗಿಲ್ಲ, ಆದ್ದರಿಂದ ನೀರು ಇದೆ." ಇದೂ ತಪ್ಪು, ಅದೇ ಬಿರುಕಿನ ಕಾಯಿ ಇದಕ್ಕೂ ಉತ್ತರ. ಮೂರು, "ನೀರು ಅಲುಗುತ್ತಿದೆ, ಆದ್ದರಿಂದ ಕೊಬ್ಬರಿ ಆಗಿಲ್ಲ." ಇದೊಂದೇ ಸರಿ. ಅಂದರೆ ತಿರುಗಿಸಿದಾಗ ಎರಡೂ ಕಡೆ 'ಅಲ್ಲ' ಸೇರಬೇಕು. ಬರೀ ತಿರುಗಿಸಿದರೂ ತಪ್ಪು, ಬರೀ 'ಅಲ್ಲ' ಸೇರಿಸಿದರೂ ತಪ್ಪು. ಕ್ಲ್ಯಾಟಿನಲ್ಲಿ ಈ ಮೂರನ್ನೂ ಆಪ್ಷನ್ ಮಾಡಿ ಕೊಟ್ಟಾಗ ಕಾಯಿಯನ್ನು ನೆನೆಸಿಕೋ.

• ಇಂಗ್ಲಿಷಿನ ಎರಡು ಪದ ಮಾತ್ರ ಬಾಯಿಪಾಠ ಮಾಡು. 'ಓನ್ಲಿ ಇಫ್' ಬಂದರೆ ಅದರ ಮುಂದಿನದು ಇರಲೇಬೇಕಾದ ಷರತ್ತು, ಅದೊಂದಿದ್ದರೆ ಸಾಕು ಎಂದಲ್ಲ. "45 ಪರ್ಸೆಂಟ್ ಬಂದರೆ ಮಾತ್ರ ಅರ್ಹತೆ" ಎಂದರೆ 45 ಬಂದವರಿಗೆಲ್ಲ ಸೀಟು ಎಂದಲ್ಲವಲ್ಲ, ಹಾಗೆ. 'ಅನ್‌ಲೆಸ್' ಬಂದರೆ 'ಇಲ್ಲದಿದ್ದರೆ' ಎಂದು ಓದಿಕೋ, ಗೊಂದಲ ಅಲ್ಲಿಗೆ ಮುಗಿಯುತ್ತದೆ.

• 'ಕೆಲವು' ಎಂಬುದು ಸಣ್ಣ ಪದ, ಅದು ಮಾಡುವ ಮೋಸ ದೊಡ್ಡದು. ಬೇಲೂರಿನ ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರ ಹೆಸರುಗಳನ್ನು ನೀನೇ ಹೋಗಿ ನೋಡಬಹುದು. "ಕೆಲವು ಶಿಲ್ಪಗಳಿಗೆ ಸಹಿ ಇದೆ" ಎಂಬಷ್ಟರಿಂದ "ಕೆಲವಕ್ಕೆ ಸಹಿ ಇಲ್ಲ" ಎಂದು ತರ್ಕದಲ್ಲಿ ಹೇಳುವಂತಿಲ್ಲ. ನಮ್ಮ ಮಾತುಕತೆಯಲ್ಲಿ ಹಾಗೆ ಅರ್ಥ ಮಾಡಿಕೊಳ್ಳುತ್ತೇವೆ, ಪರೀಕ್ಷೆಯಲ್ಲಿ ಮಾಡಿಕೊಳ್ಳಬಾರದು. ಸಹಿ ಇಲ್ಲದ್ದೆಲ್ಲ ಕಲಿಯುವ ಹುಡುಗರು ಕೆತ್ತಿದ್ದು ಎಂಬುದಂತೂ ಪೂರ್ತಿ ಸೇರಿಸಿದ ಮಾತು. ಹಾಗೆಯೇ 'ಹೆಚ್ಚಿನವು' ಬೇರೆ, 'ಎಲ್ಲವೂ' ಬೇರೆ, 'ಇರಬಹುದು' ಬೇರೆ, 'ಇದೆ' ಬೇರೆ. ಪ್ಯಾಸೇಜು 'ಇರಬಹುದು' ಎಂದದ್ದನ್ನು ಆಪ್ಷನ್ 'ಇದೆ' ಎಂದಿದ್ದರೆ ಅದನ್ನು ಹೊಡೆದುಹಾಕು.

• ಅಡಗಿದ ನಂಬಿಕೆ, ಅಂದರೆ ಅಸಂಪ್ಷನ್, ಕೇಳುವ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟ ಎಂದೆಯಲ್ಲ. ಅದಕ್ಕೆ ಬೇಲೂರನ್ನೇ ಪ್ಯಾಸೇಜು ಮಾಡಿಕೊಡುತ್ತೇನೆ, ನಿಧಾನವಾಗಿ ಓದು.

"ವಿಷ್ಣುವರ್ಧನನ ಸೇನೆ 1116ರ ಹೊತ್ತಿಗೆ ತಲಕಾಡಿನಲ್ಲಿ ಚೋಳರನ್ನು ಸೋಲಿಸಿತು. 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆಯಾದ ದೇವರಿಗೆ ವಿಜಯನಾರಾಯಣ ಎಂಬ ಹೆಸರು ಶಾಸನದಲ್ಲಿದೆ. ಆದ್ದರಿಂದ ಈ ದೇವಾಲಯ ತಲಕಾಡಿನ ಗೆಲುವಿನ ನೆನಪಿಗೆ ಕಟ್ಟಿಸಿದ್ದು."

ಮೊದಲೆರಡು ಸಾಲು ಆಧಾರ, ಮೂರನೆಯದು ತೀರ್ಮಾನ. ಆಧಾರದಿಂದ ತೀರ್ಮಾನಕ್ಕೆ ಹೋಗುವಾಗ ಒಂದು ಕಡೆ ಹಾರಿದ್ದಾರೆ, ಎಲ್ಲಿ? ದೇವರ ಹೆಸರಿನ 'ವಿಜಯ' ತಲಕಾಡಿನ ವಿಜಯವೇ ಎಂದು ಎಲ್ಲೂ ಹೇಳಿಲ್ಲ, ನಂಬಿಕೊಂಡಿದ್ದಾರೆ. ಆ ನಂಬಿಕೆಯೇ ಅಸಂಪ್ಷನ್.

ಇದನ್ನು ಪರೀಕ್ಷಿಸುವ ಗಟ್ಟಿಯಾದ ದಾರಿ ಒಂದಿದೆ. ಆಪ್ಷನ್ನನ್ನು ಇಲ್ಲ ಎನ್ನು, ಆಗ ವಾದ ಬೀಳುತ್ತದೆಯೇ ನೋಡು. "ಆ ಹೆಸರಿಗೂ ತಲಕಾಡಿಗೂ ಸಂಬಂಧವಿಲ್ಲ" ಎನ್ನು. ವಾದ ನೆಲಕ್ಕೆ ಬಿತ್ತು. ಹಾಗಾದರೆ ಅದು ಅಸಂಪ್ಷನ್ ಹೌದು. ಇನ್ನೊಂದು ಆಪ್ಷನ್ ಹೀಗಿದೆ ಎಂದಿಟ್ಟುಕೋ: "ತಲಕಾಡಿನ ದಂಡಯಾತ್ರೆಯ ಮುಂದಾಳು ಸ್ವತಃ ವಿಷ್ಣುವರ್ಧನನೇ." ಇದನ್ನು ಇಲ್ಲ ಎನ್ನು. ದಂಡನಾಯಕ ಗಂಗರಾಜ ಮುಂದೆ ನಿಂತು ಗೆದ್ದ ಎನ್ನು. ವಾದಕ್ಕೆ ಏನೂ ಆಗಲಿಲ್ಲ, ಸೇನಾಪತಿ ಗೆದ್ದರೂ ಗೆಲುವು ರಾಜನದೇ. ಆದ್ದರಿಂದ ಇದು ಅಸಂಪ್ಷನ್ ಅಲ್ಲ, ಕೇಳಲು ಎಷ್ಟೇ ಚೆನ್ನಾಗಿರಲಿ.

ಈಗ ಅದೇ ವಾದಕ್ಕೆ ಬಲ ಕೊಡು ಎಂದರೆ? ಹಳೇಬೀಡಿನ ಬಸದಿಗಳಿಗೆ ನಡಿ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ರಾಜ ಯುದ್ಧ ಗೆದ್ದ ಸಂತೋಷದಲ್ಲಿದ್ದಾಗ ಬಸದಿಯ ಪ್ರಸಾದ ತಲುಪಿತು, ಮಗನೂ ಹುಟ್ಟಿದ್ದ, ಆ ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟ ಎಂದು ಅಲ್ಲಿನ ಶಾಸನ ಹೇಳುತ್ತದೆ. ಗೆದ್ದಾಗ ದೇವರಿಗೆ ವಿಜಯದ ಹೆಸರಿಡುವ ರೂಢಿ ಈ ರಾಜನಿಗೆ ಇತ್ತು ಎಂದಾಯಿತು. ಬೇಲೂರಿನ ವಾದಕ್ಕೆ ಬಲ ಬಂತು. ಅದು ಸಾಬೀತಾಯಿತೇ? ಇಲ್ಲ. ಬಲ ಕೊಡುವುದು ಎಂದರೆ ಸಾಬೀತು ಮಾಡುವುದು ಎಂದಲ್ಲ, ತಕ್ಕಡಿ ಆ ಕಡೆಗೆ ಸ್ವಲ್ಪ ವಾಲಿದರೆ ಸಾಕು.

ಪೆಟ್ಟು ಕೊಡು ಎಂದರೆ? "ದೇವಾಲಯದ ತಳಪಾಯದ ಕೆಲಸ ತಲಕಾಡಿನ ಯುದ್ಧಕ್ಕೆ ಮುಂಚೆಯೇ ಶುರುವಾಗಿತ್ತು" ಎಂದು ಆಪ್ಷನ್ ಇದ್ದರೆ ಅದೇ ಉತ್ತರ. ಇನ್ನೂ ನಡೆಯದ ಗೆಲುವಿನ ನೆನಪಿಗೆ ಯಾರೂ ಗುಡಿ ಕಟ್ಟಲು ಶುರುಮಾಡುವುದಿಲ್ಲ. "ರಾಮಾನುಜರ ಪ್ರಭಾವದಿಂದ ರಾಜ ವೈಷ್ಣವನಾದ, ಅದಕ್ಕೆ ಕಟ್ಟಿಸಿದ" ಎಂಬ ಇನ್ನೊಂದು ಕಾರಣ ಕೊಟ್ಟರೂ ಪೆಟ್ಟೇ. ವಿದ್ವಾಂಸರು ತಲಕಾಡಿನ ಗೆಲುವು, ರಾಮಾನುಜರ ಪ್ರಭಾವ ಎರಡನ್ನೂ ಕಾರಣವಾಗಿ ಹೇಳಿದ್ದಾರೆ, ಚಾಳುಕ್ಯರ ಹಿಡಿತದಿಂದ ಬಿಡಿಸಿಕೊಳ್ಳುವ ಹಂಬಲವನ್ನೂ ಹೇಳಿದ್ದಾರೆ. ಒಂದು ಕಾರ್ಯಕ್ಕೆ ಇನ್ನೊಂದು ಕಾರಣ ತೋರಿಸುವುದು ವಾದವನ್ನು ಸಡಿಲ ಮಾಡುವ ಅತಿ ಸಾಮಾನ್ಯ ದಾರಿ. "ರಾಣಿ ಶಾಂತಲೆ ಜೈನಳಾಗಿದ್ದಳು" ಎಂಬ ಆಪ್ಷನ್ ಕೊಟ್ಟರೆ? ಮಾತು ನಿಜ, ಊರಿನವರೆಲ್ಲ ಬಲ್ಲರು. ಆದರೆ ಈ ವಾದಕ್ಕೆ ಅದು ಇತ್ತಲೂ ಇಲ್ಲ ಅತ್ತಲೂ ಇಲ್ಲ. ನಿಜವಾದ ಮಾತೆಲ್ಲ ಸರಿಯಾದ ಉತ್ತರ ಆಗುವುದಿಲ್ಲ.

• ಹಳೇಬೀಡಿನ ಮೇಲೂ ಒಂದು ಕಟ್ಟಿದ್ದೇನೆ, ಇದನ್ನು ನೀನೇ ಬಿಡಿಸು. "ಹೊಯ್ಸಳೇಶ್ವರ ದೇವಾಲಯಕ್ಕೆ ಇಂದು ಶಿಖರವಿಲ್ಲ. 1311ರಲ್ಲಿ ಮಲಿಕ್ ಕಾಫೂರನ ಸೇನೆ ದೋರಸಮುದ್ರದ (ಇಂದಿನ ಹಳೇಬೀಡಿನ) ಮೇಲೆ ದಾಳಿ ಮಾಡಿತು. ಆದ್ದರಿಂದ ಶಿಖರ ಬಿದ್ದದ್ದು ಆ ದಾಳಿಯಲ್ಲಿ." ಯಾವುದು ಈ ವಾದಕ್ಕೆ ಹೆಚ್ಚು ಪೆಟ್ಟು ಕೊಡುತ್ತದೆ? ಒಂದು: ಬೇಲೂರಿನ ಮುಖ್ಯ ಗುಡಿಗೂ ಇಂದು ಶಿಖರವಿಲ್ಲ. ಎರಡು: ದಾಳಿ ಮಾಡಿದವರು ಸಂಪತ್ತು ಹೊತ್ತೊಯ್ದರು. ಮೂರು: ದಾಳಿಗೆ ಮುಂಚಿನ ವಿವರವಾದ ವರ್ಣನೆಯೊಂದು ಈ ಗುಡಿಯನ್ನು ಶಿಖರವಿಲ್ಲದ್ದು ಎಂದೇ ಹೇಳುತ್ತದೆ. ನಾಲ್ಕು: ದೇವಾಲಯ ಮೆದುವಾದ ಬಳಪದ ಕಲ್ಲಿನದು. ಮೂರನೆಯ ಆಪ್ಷನ್ ನಾನು ಅಭ್ಯಾಸಕ್ಕೆ ಕಲ್ಪಿಸಿದ್ದು, ಅಂಥ ವರ್ಣನೆ ಇದೆ ಎಂದು ತಿಳಿಯಬೇಡ. ಬಹಳ ಮಂದಿ ಮೊದಲನೆಯದಕ್ಕೆ ಹೋಗುತ್ತಾರೆ. ಆದರೆ ಬೇಲೂರಿನ ಶಿಖರ ಹೇಗೆ ಹೋಯಿತೆಂದು ಆ ಸಾಲು ಹೇಳುವುದೇ ಇಲ್ಲ, ಆ ಕಾರಣವನ್ನು ನಾವು ಸೇರಿಸಬೇಕಾಗುತ್ತದೆ. ಮೂರನೆಯದಕ್ಕೆ ಏನೂ ಸೇರಿಸಬೇಕಿಲ್ಲ. ಎರಡು ಆಪ್ಷನ್ ಉಳಿದಾಗ ಕೇಳಬೇಕಾದ ಪ್ರಶ್ನೆ ಇದೇ: ಯಾವುದನ್ನು ಒಪ್ಪಲು ನಾನು ಕಡಿಮೆ ಸೇರಿಸಬೇಕು?

• ಒಂದಾದ ಮೇಲೆ ಒಂದು ಬಂದದ್ದರಿಂದ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಆಮೇಲೆ ಬೇಲೂರಿನಲ್ಲಿ ಜನ ಹೆಚ್ಚಾದರು, ಪಟ್ಟಿಯೇ ಕಾರಣ ಎಂದು ಪ್ಯಾಸೇಜು ಹೇಳಿದರೆ ತಕ್ಷಣ ಆ ವರ್ಷ ಇನ್ನೇನಾಯಿತು ಎಂದು ಕೇಳು. ಅದೇ ವರ್ಷ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತವಾಯಿತು. ಬಂದವರಲ್ಲಿ ಪರರಾಜ್ಯದವರೆಷ್ಟು, ನಮ್ಮ ರಾಜ್ಯದ ಹೆಂಗಸರೆಷ್ಟು ಎಂಬ ಲೆಕ್ಕ ಸಿಗುವವರೆಗೆ ಎರಡರಲ್ಲಿ ಯಾವುದೆಂದು ಹೇಳಲಾಗುವುದಿಲ್ಲ. ಇಂಥ ಬೇರೆ ಕಾರಣ ಹುಡುಕುವ ಅಭ್ಯಾಸ ದಿನದ ಪತ್ರಿಕೆ ಓದುವಾಗಲೇ ಆಗಬೇಕು.

• ಸಾಲು ಜೋಡಿಸುವ ಒಗಟು ಬಂದರೆ ತಲೆಯಲ್ಲಿ ಮಾಡಬೇಡ, ಗೀಟು ಹಾಕು. ಕ, ಖ, ಗ, ಘ, ಚ ಎಂಬ ಐವರು ವಕೀಲರು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಬ್ಬರಂತೆ ವಾದ ಮಂಡಿಸಬೇಕು. ಗ ಬುಧವಾರ. ಘ, ಚ ಒಂದರ ಪಕ್ಕ ಒಂದು ದಿನ. ಖನಿಗಿಂತ ಕ ಮುಂಚೆ. ಖ ಶುಕ್ರವಾರ ಬರುವಂತಿಲ್ಲ. ಐದು ಮನೆ ಗೀಚಿ, ಗಟ್ಟಿಯಾದದ್ದನ್ನು, ಅಂದರೆ ಬುಧವಾರದ ಗನನ್ನು, ಮೊದಲು ಕೂರಿಸು. ಘ-ಚ ಜೋಡಿಗೆ ಉಳಿದದ್ದು ಸೋಮ-ಮಂಗಳ ಅಥವಾ ಗುರು-ಶುಕ್ರ. ಸೋಮ-ಮಂಗಳ ಕೊಟ್ಟರೆ ಖ ಶುಕ್ರವಾರಕ್ಕೆ ಬೀಳುತ್ತಾನೆ, ಆಗದು. ಆದ್ದರಿಂದ ಜೋಡಿ ಗುರು-ಶುಕ್ರ, ಕ ಸೋಮವಾರ, ಖ ಮಂಗಳವಾರ. "ಘ ಗುರುವಾರ" ಎಂಬ ಆಪ್ಷನ್ ಆಗಬಹುದಾದದ್ದು, "ಖ ಮಂಗಳವಾರ" ಆಗಲೇಬೇಕಾದದ್ದು. 'ಮಸ್ಟ್' ಎಂದು ಕೇಳಿದ್ದಾರೋ 'ಕುಡ್' ಎಂದು ಕೇಳಿದ್ದಾರೋ ನೋಡಿ ಉತ್ತರಿಸು.

• ನೆಗೆಟಿವ್ ಮಾರ್ಕಿಂಗಿನ ಲೆಕ್ಕ ಗೊತ್ತಿರಲಿ. ಸರಿಗೆ 1, ತಪ್ಪಿಗೆ 0.25 ಕಡಿತ. 16 ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಹಾಕಿದರೆ ಸರಾಸರಿ 4 ಸರಿ, 12 ತಪ್ಪು, ಕೈಗೆ ಬರುವುದು 1 ಅಂಕ. ಪ್ರತಿ ಪ್ರಶ್ನೆಯಲ್ಲೂ ಎರಡು ಆಪ್ಷನ್ ಹೊಡೆದು ಆಮೇಲೆ ಹಾಕಿದರೆ 8 ಸರಿ, 8 ತಪ್ಪು, ಕೈಗೆ 6. ಎರಡನ್ನು ಧೈರ್ಯವಾಗಿ ಹೊಡೆದುಹಾಕಿದ್ದರೆ ಉತ್ತರ ಹಾಕು. ಒಂದನ್ನೂ ಹೊಡೆಯಲಾಗದಿದ್ದರೆ ಬಿಟ್ಟು ಮುಂದೆ ನಡಿ.

• ಒಂದು ಪ್ಯಾಸೇಜಿಗೆ ಆರೇಳು ನಿಮಿಷಕ್ಕಿಂತ ಹೆಚ್ಚು ಕೊಡಬೇಡ.

• ತಪ್ಪಿನ ಪುಸ್ತಕ ಇಡು. ಮಾಕ್ ಟೆಸ್ಟ್ ಎಷ್ಟು ಬರೆದೆ ಎಂಬುದಕ್ಕಿಂತ ಬರೆದದ್ದನ್ನು ಎಷ್ಟು ಬಿಡಿಸಿ ನೋಡಿದೆ ಎಂಬುದು ಮುಖ್ಯ. ಎಡಪುಟದಲ್ಲಿ ಪ್ರಶ್ನೆಯ ಸಾರ, ಬಲಪುಟದಲ್ಲಿ ಎರಡೇ ಸಾಲು: ನಾನು ಆರಿಸಿದ್ದು ಯಾಕೆ ತಪ್ಪು, ಸರಿಯಾದದ್ದು ಯಾಕೆ ಸರಿ. ಕೊನೆಗೆ ಒಂದು ಪದದಲ್ಲಿ ಜಾತಿ ಬರಿ: 'ಸೇರಿಸಿದೆ', 'ತಿರುಗಿಸಿದೆ', 'ಪೂರ್ವಪಕ್ಷ ಹಿಡಿದೆ', 'ಪ್ರಶ್ನೆ ಸರಿಯಾಗಿ ಓದಲಿಲ್ಲ'. ತಿಂಗಳ ಕೊನೆಗೆ ಯಾವ ಪದ ಹೆಚ್ಚು ಸಲ ಬಂದಿದೆ ನೋಡು, ಮುಂದಿನ ತಿಂಗಳ ಕೆಲಸ ಅದೇ. ಸರಿಯಾಗಿ ಬಂದ ಉತ್ತರವೂ ಊಹೆಯಿಂದ ಬಂದಿದ್ದರೆ ಅದನ್ನೂ ಪುಸ್ತಕಕ್ಕೆ ಸೇರಿಸು.

• ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ, ಒಂದು ಕನ್ನಡ ಸಂಪಾದಕೀಯ ಓದು. ಕನ್ನಡದ್ದರಲ್ಲಿ ತೀರ್ಮಾನ, ಕಾರಣ, ನಂಬಿಕೆ ಗುರುತಿಸಿ ಕೈ ಪಳಗಿಸಿಕೋ, ಆಮೇಲೆ ಇಂಗ್ಲಿಷಿಗೆ ಹೋಗು. ರಾತ್ರಿ ಊಟದ ಹೊತ್ತಿಗೆ ನಿಮ್ಮಮ್ಮನಿಗೆ ಆ ಇಂಗ್ಲಿಷ್ ಲೇಖನದ ವಾದವನ್ನು ಕನ್ನಡದಲ್ಲಿ ಹೇಳು. ಅವರಿಗೆ ಅರ್ಥವಾದರೆ ನಿನಗೂ ಅರ್ಥವಾಗಿದೆ ಎಂದೇ ಲೆಕ್ಕ. ಅವರು "ಅದು ಹ್ಯಾಗೆ?" ಎಂದು ಕೇಳಿದ ಜಾಗದಲ್ಲೇ ಅಸಂಪ್ಷನ್ ಅಡಗಿರುತ್ತದೆ.

• ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರಿನಲ್ಲಿ, ಮಧ್ಯಾಹ್ನ 2ರಿಂದ 4ರವರೆಗೆ ನಡೆಯುತ್ತಿದೆ. ನೀನು ಓದುವುದು ಬೆಳಗಿನ ಜಾವ, ಸರಿ. ಆದರೆ ಕೊನೆಯ ಎರಡು ತಿಂಗಳು ಭಾನುವಾರದ ಮಾಕ್ ಟೆಸ್ಟನ್ನು ಊಟವಾದ ಮೇಲೆ ಎರಡು ಗಂಟೆಗೇ ಬರಿ. ತೂಕಡಿಕೆ ಬರುವ ಹೊತ್ತಿನಲ್ಲೂ ತಲೆ ಓಡಬೇಕು. ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಬೇಡ. ಇದು ಕಾಗದದ ಪರೀಕ್ಷೆ, ಗೀಟು ಹಾಕುವ ಕೈಗೆ ಕಾಗದದ ರೂಢಿ ಬೇಕು. ಓಎಂಆರ್ ಹಾಳೆಯಲ್ಲಿ ಒಂದು ಪ್ಯಾಸೇಜು ಮುಗಿದ ಕೂಡಲೇ ಅದರ ಉತ್ತರ ತುಂಬು, ಎಲ್ಲವನ್ನೂ ಕೊನೆಗೆ ಎಂದು ಉಳಿಸಬೇಡ. ಕೇಂದ್ರ ಬೆಂಗಳೂರೋ ಮೈಸೂರೋ ಆದರೆ ಅರಸೀಕೆರೆಯಿಂದ ರೈಲಿಗೇನೂ ಬರವಿಲ್ಲ, ಆದರೂ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿ.

• ಅರ್ಜಿ ತುಂಬುವಾಗ ನಿನ್ನ ಅಪ್ಪನ ಜೊತೆ ಕೂತು ನಿಧಾನವಾಗಿ ತುಂಬು. ಕರ್ನಾಟಕದಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದವರಿಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಶೇ 25ರಷ್ಟು ಸ್ಥಾನ ಮೀಸಲಿದೆ. ಅದಕ್ಕೆ ಬೇಕಾದ ಶಾಲಾ ದಾಖಲೆಗಳನ್ನು ಈಗಲೇ ಜೋಡಿಸಿಟ್ಟುಕೋ. ಒಂದು ಮಾತು, ಇದೊಂದೇ ಬಾಗಿಲು ಎಂದು ತಿಳಿಯಬೇಡ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕದ ಮೇಲೇ ಸೇರಬಹುದು, ಹಾಸನದಲ್ಲೂ ಲಾ ಕಾಲೇಜು ಇದೆ. ಅಲ್ಲಿಂದ ಬಂದು ಒಳ್ಳೆಯ ಹೆಸರು ಮಾಡಿದ ವಕೀಲರ ಎದುರು ನಾನೇ ವಾದ ಮಾಡಿದ್ದೇನೆ.

• ಪರೀಕ್ಷೆ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಒಕ್ಕೂಟ ಮೊದಲು ತಾತ್ಕಾಲಿಕ ಕೀ ಉತ್ತರ ಬಿಡುತ್ತದೆ, ಶುಲ್ಕ ಕಟ್ಟಿ ಆಕ್ಷೇಪ ಸಲ್ಲಿಸಲು ಕೆಲವೇ ದಿನ ಕೊಡುತ್ತದೆ. ಕೀ ಎಂದ ಮಾತ್ರಕ್ಕೆ ಅದು ತಪ್ಪಾಗಲಾರದು ಎಂದಲ್ಲ. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಕೀ ಉತ್ತರಗಳನ್ನು ಒಬ್ಬ ಅಭ್ಯರ್ಥಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ ಎರಡು ಪ್ರಶ್ನೆಗಳಲ್ಲಿ ಕೀ ತಪ್ಪಿದೆ ಎಂದು ನ್ಯಾಯಾಲಯ ಅದೇ ತಿಂಗಳು ತೀರ್ಪು ಕೊಟ್ಟಿತು. ಮುಂದೆ ಆ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಿನಗೆ ಅಂಥ ಅನುಮಾನ ಬಂದರೆ "ಅನ್ಯಾಯ ಆಗಿದೆ" ಎಂದು ಬರೆಯಬೇಡ. ಪ್ಯಾಸೇಜಿನ ಇಂಥ ಸಾಲು ಹೀಗೆ ಹೇಳುತ್ತದೆ, ಕೀ ಕೊಟ್ಟ ಉತ್ತರಕ್ಕೆ ಇಂಥ ಮಾತನ್ನು ಹೊರಗಿನಿಂದ ಸೇರಿಸಬೇಕಾಗುತ್ತದೆ, ನಾನು ಕೊಟ್ಟ ಉತ್ತರಕ್ಕೆ ಸೇರಿಸಬೇಕಿಲ್ಲ ಎಂದು ಮೂರು ಸಾಲು ಬರಿ. ಸಲ್ಲಿಸುವ ಮುಂಚೆ ನನಗೊಂದು ಸಲ ತೋರಿಸು.